ಹಬೀಬುಲ್ಲಾ ಸಾಹೇಬರ ಆಫೀಸಿನಲ್ಲಿ ಹುಣಸೆಮರ

ಎಲ್ಲ ಅವಾಂತರಕ್ಕೂ ಕಾರಣವಾದದ್ದು ಒಂದು ಹೂಕೋಸು.

ಬೆಳಿಗ್ಗೆ ಒಂಬತ್ತಕ್ಕೆ ಆರ್.ಟಿ. ನಗರದ ತಮ್ಮ ಆಫೀಸಿಗೆ ಬಂದ ಆರ್ಕಿಟೆಕ್ಟ್ ಹಬೀಬುಲ್ಲಾ ಸಾಹೇಬರು ಕಂಪ್ಯೂಟರಿನ ಮುಂದೆ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಪರದೆಯ ಮೇಲೆ ಅವರು ನಕ್ಷೆ ಹಾಕಿದ್ದ ಕಲ್ಯಾಣ ಮಂಟಪ ಬಣ್ಣಬಣ್ಣವಾಗಿ ನಿಂತಿತ್ತು. ಕಂಬ, ಕಮಾನು, ಮೆಟ್ಟಿಲು, ಮೆಟ್ಟಿಲಿನ ನೆರಳು ಕೂಡ ಇತ್ತು.

"ನಜೀರ್ ಮಿಯಾ, ಮಂಟಪ ಬಹಳ ಚೆನ್ನಾಗಿದೆ. ಆದ್ರೆ ಪಕ್ಕದಲ್ಲಿ ಹೂಕೋಸು ಯಾಕಿಟ್ಟಿದ್ದೀಯ?"

"ಅದು ಮರ, ಸಾಹೇಬ್ರೇ."

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಅದು ಎಂಬತ್ತೇಳನೇ ಇಸವಿ, ಕಂಪ್ಯೂಟರ್ ಇರುವ ಕೋಣೆಗೆ ಜನ ಚಪ್ಪಲಿ ಬಿಟ್ಟು ಬರುತ್ತಿದ್ದ ಕಾಲ. ಈ ಯಂತ್ರ ಬಂದಿದ್ದೇ ಒಂದು ತಿಂಗಳ ಪರೀಕ್ಷೆಗೆ. ಅದನ್ನು ನಡೆಸುವ ನಜೀರನೂ ಹಾಗೇ ಬಂದವನು. ಮಂಟಪ ಕಟ್ಟಿಸಲಿದ್ದ ಪುಟ್ಟೇನಹಳ್ಳಿಯ ವೆಂಕಟೇಶಪ್ಪನವರು ಅಂದು ಸಂಜೆ ನಾಲ್ಕಕ್ಕೆ ಚಿತ್ರ ನೋಡಲು ಬರುವವರಿದ್ದರು.

"ಅವರು ಒಪ್ಪಿದ್ರೆ ನಿನ್ನ ಕೆಲಸ ಖಾಯಂ. ಒಪ್ಪದಿದ್ರೆ ಯಂತ್ರಾನೂ ವಾಪಸ್, ನೀನೂ ವಾಪಸ್. ಅವರು ಊರಿನ ಜನ ಮಿಯಾ. ಕಟ್ಟಡ ಸುಳ್ಳಾದ್ರೆ ಅವರಿಗೆ ಗೊತ್ತಾಗಲ್ಲ, ಮರ ಸುಳ್ಳಾದ್ರೆ ಥಟ್ಟಂತ ಗೊತ್ತಾಗತ್ತೆ. ಒಂದು ಹುಣಸೆಮರ ಹಾಕು. ನಿಜವಾದದ್ದು!" ಎಂದು ಹೇಳಿ, ಗಿರಾಕಿಯನ್ನು ತಾವೇ ಕರೆತರಲು ಸಾಹೇಬರು ಕಾರು ಹತ್ತಿದರು.

ನಜೀರ ಬೆವರಿದ. ಅವನು ಹುಟ್ಟಿ ಬೆಳೆದದ್ದು ಗೊರಗುಂಟೆಪಾಳ್ಯದಲ್ಲಿ, ಲಾರಿಗಳ ನಡುವೆ. ಟೈರು ನೋಡಿ ಲಾರಿಯ ವಯಸ್ಸು ಹೇಳಬಲ್ಲ ಹುಡುಗನಿಗೆ ಹುಣಸೆ ಗೊತ್ತಿದ್ದದ್ದು ಸಾರಿನಲ್ಲಿ ಮಾತ್ರ.

ಹೂಕೋಸನ್ನು ಅಳಿಸಿ ಅವನು ಯಂತ್ರಕ್ಕೆ ಒಂದು ಹೊಸ ನಿಯಮ ಬರೆದ. ಒಂದು ಕೊಂಬೆ ಎರಡಾಗಲಿ, ಎರಡೂ ತಾಯಿಗಿಂತ ಸ್ವಲ್ಪ ಗಿಡ್ಡವಿರಲಿ, ಅವೂ ಹಾಗೇ ಒಡೆಯಲಿ. ಒಂಬತ್ತು ಸಲ. ಎಲ್ಲ ಸೇರಿ ನಾಲ್ಕೇ ಸಾಲು. ಗುಂಡಿ ಒತ್ತಿದ. ಒಂದು ಎರಡಾಯಿತು, ಎರಡು ನಾಲ್ಕಾಯಿತು, ನೋಡನೋಡುತ್ತಾ ತುದಿಯಲ್ಲಿ ಐನೂರು ಚಿಗುರುಕಡ್ಡಿ ಮೂಡಿದವು. ನಜೀರನ ಮೈ ಜುಮ್ಮೆಂದಿತು. ಇಷ್ಟೆಲ್ಲ ಆ ನಾಲ್ಕು ಸಾಲಿನೊಳಗೆ ಮಡಚಿಕೊಂಡು ಕೂತಿತ್ತೇ? ಹಾಗಾದರೆ ಒಂದು ಬೀಜದೊಳಗೆ ಏನೇನು ಇರಬಹುದು?

"ಇದೇನ್ ಸಾ, ದೀಪದ ಕಂಬಾನಾ?"

ಹಿಂದೆ ನಿಂತಿದ್ದವನು ಆಫೀಸಿನ ಜವಾನ ಚಿಕ್ಕಮಾರಯ್ಯ. ಅರವತ್ತರ ಆಳು. ಪುಟ್ಟೇನಹಳ್ಳಿಯಿಂದ ಸೈಕಲ್ ತುಳಿದು ಬರುತ್ತಿದ್ದ.

"ಹುಣಸೆಮರ, ಮಾರಯ್ಯನೋರೆ."

"ಉಣಸೆಮರ ಇಂಗಿರ್ತದಾ? ಎಡಕ್ಕೊಂದು ಬಲಕ್ಕೊಂದು, ಪರೇಡಿಗೆ ನಿಂತಂಗೈತೆ!" ಮಾರಯ್ಯ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ.

"ಹಾಗಾದ್ರೆ ಹೇಗಿರತ್ತೆ, ನೀವೇ ಹೇಳಿ."

ಮಾರಯ್ಯ ಸೀಮೆಸುಣ್ಣ ಹಿಡಿದು ಕೆಂಪು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. "ಬುಡ ಇಬ್ರು ತಬ್ಬಿದ್ರೂ ಸಾಲ್ದು. ಮರ ಮೂಡ್ಲಾಗೆ ವಾಲಿರ್ತದೆ. ಇಲ್ಲಿ ಆಳೆತ್ತರದಾಗೆ ಒಂದು ಕೊಂಬೆ ಮುರ್ದು ಮೋಟಾಗಿರ್ಬೇಕು. ಅದರ ಮ್ಯಾಲೊಂದು ಗಂಟು, ಅಜ್ಜಿ ಮೊಕ ಇದ್ದಂಗೆ. ಈ ಕೊಂಬೆ ನೆಲದವರ್ಗೂ ಬಗ್ಗಿ ತಿರ್ಗಾ ಮೇಲಕ್ ಓಯ್ತದೆ."

"ಎಲ್ಲಾ ಹುಣಸೆಮರಕ್ಕೂ ಮೋಟು ಇರತ್ತಾ?"

"ಉಣಸೆ ಅಂದ್ರೆ ಅಂಗೇ ಸಾ. ಉಟ್ದಾಗಿಂದ ನೋಡಿವ್ನಿ!"

ಇಷ್ಟು ಖಚಿತವಾಗಿ ಹೇಳುವವರ ಎದುರು ನಜೀರ ಏನು ವಾದ ಮಾಡಿಯಾನು? ಮೋಟು, ಗಂಟು, ವಾಲು ಎಲ್ಲವನ್ನೂ ಅಂಕಿ ಮಾಡಿ ಯಂತ್ರಕ್ಕೆ ಉಣಿಸಿದ.

ಅಷ್ಟರಲ್ಲಿ ಕಾಫಿ ಹಿಡಿದುಕೊಂಡು ಮಹಡಿಯಿಂದ ರತ್ನಕ್ಕ ಇಳಿದರು. ಕಟ್ಟಡದ ಒಡತಿ. "ಎಲೆ ಎಲ್ಲಪ್ಪ ನಜೀರು? ಹುಣಸೆ ಎಲೆ ಅಂದ್ರೆ ಒಂದಲ್ಲ ಕಣಪ್ಪ, ಒಂದೊಂದು ಕಡ್ಡಿಗೂ ಎರಡು ಸಾಲು ಚಿಕ್ಕ ಚಿಕ್ಕ ಎಲೆ. ಶಿವರಾತ್ರಿ ಬಂತು, ಕಾಯಿ ಬೇಡ್ವಾ?"

ನಜೀರ ಲೆಕ್ಕ ಹಾಕಿದ. ಎಲೆ ಒಂದು ಲಕ್ಷ ದಾಟಿತು. ಪ್ರತಿ ಎಲೆಗೂ ಯಂತ್ರ ನಿಂತು ಯೋಚಿಸಬೇಕು, ಈ ಎಲೆಗೆ ಬಿಸಿಲೋ, ಮೇಲಿನ ಎಲೆಯ ನೆರಳೋ ಎಂದು. ಗುಂಡಿ ಒತ್ತಿ ಮೂವರೂ ಕಾದರು. ಒಂದೂವರೆಯ ಹೊತ್ತಿಗೆ ಮರದ ಅರ್ಧ ತಲೆ ಹಸುರಾಗಿತ್ತು. ರತ್ನಕ್ಕ ಖುಷಿಯಲ್ಲಿ ಮಹಡಿ ಹತ್ತಿ, ದೋಸೆಹಿಟ್ಟಿಗೆ ಗ್ರೈಂಡರ್ ಹಾಕಿದರು.

ಫಟ್! ಪರದೆ ಕಪ್ಪಾಯಿತು.

"ಫ್ಯೂಸ್ ಹೋಯ್ತೇನೋ?" ಎಂದು ಮೇಲಿಂದ ಕೂಗಿದರು.

"ನನ್ನ ಮರಾನೇ ಹೋಯ್ತು ಅಕ್ಕಾ!" ನಜೀರನಿಗೆ ಅಳು ಬಂತು. ಮಂಟಪ ಡಿಸ್ಕಿನಲ್ಲಿ ಭದ್ರವಾಗಿತ್ತು, ಮರದ ಅಂಕಿ ಒಂದೂ ಉಳಿದಿರಲಿಲ್ಲ. ನೆಲದ ಮೇಲಿನ ಸೀಮೆಸುಣ್ಣದ ಮರವನ್ನಾದರೂ ನೋಡೋಣವೆಂದು ತಿರುಗಿದರೆ ನೆಲ ಫಳಫಳ ಹೊಳೆಯುತ್ತಿತ್ತು.

"ಒರ್ಸೋ ಟೈಮ್ ಆಗಿತ್ತು ಸಾ," ಎಂದ ಮಾರಯ್ಯ ಬಟ್ಟೆ ಹಿಂಡುತ್ತಾ. ನಜೀರನ ಮುಖ ನೋಡಿ ಪಾಪ ಅನ್ನಿಸಿತೇನೋ, ಫ್ಯೂಸ್ ಕಟ್ಟಿ ಬಂದು ಮತ್ತೆ ಕೂತು ಕಣ್ಣು ಮುಚ್ಚಿ ಬುಡದಿಂದ ಶುರುಮಾಡಿದ. ಎರಡನೇ ಸಲದ ಮರದಲ್ಲೂ ಒಂದು ಗಂಟು ಆಚೀಚೆ ಆಗಲಿಲ್ಲ. ರತ್ನಕ್ಕ ಮಾತ್ರ ತಪ್ಪಿತಸ್ಥರಂತೆ ನೆನೆಸಿದ ಅಕ್ಕಿಯ ಪಾತ್ರೆ ಹಿಡಿದು ಬಂದು, ಬಂದವರು ಹೋಗುವತನಕ ಗ್ರೈಂಡರ್ ಮುಟ್ಟುವುದಿಲ್ಲವೆಂದು ಮೆಟ್ಟಿಲ ಮೇಲೆ ಕೂತುಬಿಟ್ಟರು.

ನಾಲ್ಕಕ್ಕೆ ಕಾರು ಬಂತು. ಆಗ ಪರದೆಯಲ್ಲಿ ಮಂಟಪವಿತ್ತು, ಅದರ ಮುಂದೆ ಬರೀ ಬುಡವಿತ್ತು.

"ಮರ ಎಲ್ಲಯ್ಯ?" ಸಾಹೇಬರು ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಬರ್ತಾ ಇದೆ, ಸಾಹೇಬ್ರೇ."

ವೆಂಕಟೇಶಪ್ಪನವರು ಚಪ್ಪಲಿ ಬಿಟ್ಟು, ಪಂಚೆ ಸರಿಮಾಡಿಕೊಂಡು ಕೂತರು. ಸಾಹೇಬರು ಕಮಾನಿನ ವಿಷಯ ಎತ್ತಿದರು. ವೆಂಕಟೇಶಪ್ಪ ಕೈಯೆತ್ತಿ ಸುಮ್ಮನಿರಿಸಿದರು.

ಮರ ಬೆಳೆಯುತ್ತಿತ್ತು. ಬುಡ ಮೂಡಲಿಗೆ ವಾಲಿತು. ಮೋಟು ಬಂತು, ಅಜ್ಜಿಯ ಮುಖದ ಗಂಟು ಬಂತು. ಒಂದು ಕೊಂಬೆ ನೆಲ ಮುಟ್ಟುವಂತೆ ಬಗ್ಗಿ, ಮನಸ್ಸು ಬದಲಾಯಿಸಿದಂತೆ ಮೇಲೆದ್ದಿತು. ಆಮೇಲೆ ಎಲೆ. ಒಂದೊಂದೇ, ಒಂದೊಂದೇ ಮೂಡಿ, ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು, ಆ ನೆರಳಿನ ಸಂದಿಯಲ್ಲಿ ಒಂದಿಷ್ಟು ಬಿಸಿಲು ಸೋರಿ ನೆಲಕ್ಕೆ ಚುಕ್ಕಿ ಇಟ್ಟಿತು. ನೂರು ವರ್ಷದ ಕೆಲಸ ಒಂದೂವರೆ ಗಂಟೆಯಲ್ಲಿ ಕಣ್ಣೆದುರೇ ನಡೆಯುತ್ತಿತ್ತು. ಬರೆದ ನಜೀರನಿಗೇ ಅದು ತನ್ನದೆನ್ನಿಸಲಿಲ್ಲ. ಕಾಫಿ ಆರಿತು. ಮಂಟಪದ ಅರ್ಧ ಭಾಗ ಎಲೆಯ ಹಿಂದೆ ಮುಚ್ಚಿಹೋದದ್ದನ್ನೂ ಯಾರೂ ಗಮನಿಸಲಿಲ್ಲ.

ಕೊನೆಯ ಕಾಯಿ ಮೂಡಿದಾಗ ವೆಂಕಟೇಶಪ್ಪನವರು ಎದ್ದುಬಂದು ಮೋಟಿನ ಮೇಲೆ ಬೆರಳಿಟ್ಟರು. "ಈ ಕೊಂಬೆಗೆ ನಮ್ಮಕ್ಕ ಉಯ್ಯಾಲೆ ಕಟ್ಟಿದ್ಲು. ನಾನು ಕೂತೆ, ಮುರೀತು." ನೆಟ್ಟಗಾಗದ ಎಡಗೈಯನ್ನು ಎತ್ತಿ ತೋರಿಸಿದರು. "ಇದು ನಮ್ಮ ಮರ."

"ಊಂ ಮತ್ತೆ, ಗೌಡ್ರೇ," ಎಂದ ಬಾಗಿಲಲ್ಲಿ ನಿಂತಿದ್ದ ಮಾರಯ್ಯ. "ನಾನು ಇನ್ಯಾವ ಮರ ಏಳ್ಲಿ?"

ವೆಂಕಟೇಶಪ್ಪನವರು ತಿರುಗಿದರು. "ಸಾಹೇಬ್ರೇ, ನಿಮ್ಮ ನಕ್ಷೇಲಿ ಈ ಮರ ಎಲ್ಲೈತೆ?"

ಹಬೀಬುಲ್ಲಾ ಸಾಹೇಬರು ನಕ್ಷೆ ಬಿಡಿಸಿ ಒಂದು ಮೂಲೆಗೆ ಬೆರಳಿಟ್ಟರು. "ಅಲ್ಲಿ... ಅಡುಗೆಮನೆ ಬರುತ್ತೆ. ಜಾಗ ಪೂರಾ ಖಾಲಿ ಮಾಡ್ಸಿ ಅಂತ ನೀವೇ ಅಂದಿದ್ರಿ."

"ಅಂದಿದ್ದೆ. ದಿನಾ ಅದರ ಕೆಳಗೇ ಓಡಾಡ್ತೀನಿ, ತಲೆಯೆತ್ತಿ ನೋಡಿರ್ಲಿಲ್ಲ." ಮುದುಕರ ಕಣ್ಣು ತುಂಬಿತ್ತು. "ಮಂಟಪ ಬೇಡ. ಊರಿನ ಮದುವೆ ಎಲ್ಲಾ ಆ ಮರದ ಕೆಳಗೇ ಆಗ್ಲಿ, ಶಾಮಿಯಾನ ಹಾಕ್ಸಿದ್ರಾಯ್ತು."

ಅವರು ನಜೀರನ ಎರಡೂ ಕೈ ಹಿಡಿದುಕೊಂಡರು. "ಏನ್ ಕೈಯಪ್ಪ ನಿಂದು! ಇಂಥಾದ್ದು ನಾನು ನೋಡೇ ಇರ್ಲಿಲ್ಲ."

ನಜೀರ ಕೊನೆಯ ಆಸೆಯಿಂದ ಕೇಳಿದ. "ಯಜಮಾನ್ರೇ, ಹಾಗಾದ್ರೆ ಈ ಮರದ ಚಿತ್ರಾನೇ ದೊಡ್ಡದಾಗಿ ಮಾಡ್ಕೊಡ್ಲಾ? ಮನೇಲಿ ತೂಗುಹಾಕ್ಬಹುದು."

"ಚಿತ್ರ ಯಾಕಪ್ಪ?" ವೆಂಕಟೇಶಪ್ಪನವರು ಚಪ್ಪಲಿ ಮೆಟ್ಟಿದರು. "ಮರಾನೇ ಐತಲ್ಲ!"

ಅವರು ಹೋದ ಮೇಲೆ ಸಾಹೇಬರು ನಕ್ಷೆ ಸುತ್ತಿಟ್ಟರು. "ಮಿಯಾ, ನಾಳೆ ಯಂತ್ರ ಒಯ್ಯೋಕೆ ಗಾಡಿ ಬರುತ್ತೆ. ನೀನೂ..." ಎಂದರು. ಅವರ ಕಣ್ಣೂ ಪರದೆಯ ಮೇಲೇ ಇತ್ತು.

ಮೆಟ್ಟಿಲ ಕಡೆಯಿಂದ ರತ್ನಕ್ಕ ಕೇಳಿದರು. "ನಜೀರಪ್ಪ, ಇನ್ನು ಗ್ರೈಂಡರ್ ಹಾಕ್ಬಹುದಾ?"

ನಜೀರ ಮರವನ್ನು ಬುಡದಿಂದ ತುದಿಯವರೆಗೆ ಇನ್ನೊಮ್ಮೆ ನೋಡಿದ. "ಹಾಕಿ ಅಕ್ಕ," ಎಂದ.

ಫಟ್! ಪುಟ್ಟೇನಹಳ್ಳಿಯ ಹುಣಸೆಯ ಒಂದು ಎಲೆಯೂ ಅಲುಗಲಿಲ್ಲ. ಆ ದಿನ ಬಿದ್ದದ್ದು ನಜೀರನ ಮರ ಒಂದೇ.