ಚಪ್ಪಟೆ ವೈರು, ದುಂಡು ವೈರು, ಹಳದಿ ಪಿನ್ನು

ಟೀವಿ ರಿಪೇರಿಯವನನ್ನು ಜನ ಮುಂಬಾಗಿಲಿನಿಂದ ಕರೆದು ಟೀವಿಯ ಹಿಂಬದಿಗೆ ಕಳಿಸುತ್ತಾರೆ. ನನ್ನ ಜೀವನದ ಫಜೀತಿಗಳೆಲ್ಲ ನಡೆದದ್ದು ಆ ಹಿಂಬದಿಯಲ್ಲೇ. ಮದುವೆಯೂ ಅಲ್ಲೇ ನಿಶ್ಚಯವಾಯಿತು.

ಚಪ್ಪಟೆ ವೈರು

ಎಂಬತ್ತರ ದಶಕದ ಕೊನೆ. ದಾಂಡೇಲಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಹಳಿಯಾಳದ ಬಟ್ಟೆ ವ್ಯಾಪಾರಿಯೊಬ್ಬರ ಮನೆಗೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿ ಚಹಾ ತಂದಳು, ಒಮ್ಮೆ ಮುಖವೆತ್ತಿ ನೋಡಿದಳು. ಮಾಡಿಕೊಂಡರೆ ಇವಳನ್ನೇ ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ. ಅವಳಪ್ಪ ಮಾತ್ರ ನನ್ನನ್ನು ನೋಡದೆ ಟೀವಿ ನೋಡುತ್ತಿದ್ದರು.

"ನೀವು ರಿಪೇರಿಯವರಲ್ರಿ? ಬಾತ್ಮಿ ಓದಾಂವಗ ಎರಡ ತಲಿ ಯಾಕ ಕಾಣ್ತಾವು? ಮೊದಲ ಇದನ್ನ ನೆಟ್ಟಗ ಮಾಡ್ರಿ, ಆಮ್ಯಾಲ ಸಂಬಂಧದ ಮಾತಾಡೂಣು."

ಇಸ್ತ್ರಿ ಮಾಡಿದ ಅಂಗಿಯಲ್ಲೇ ಮಾಳಿಗೆ ಹತ್ತಿದೆ. ಆಂಟೆನಾದಿಂದ ಬಂದ ಚಪ್ಪಟೆ ವೈರಿನ ಮೇಲೆ ಮನೆಮಂದಿಯ ಒದ್ದೆ ಬಟ್ಟೆಯೆಲ್ಲ ಒಣಗುತ್ತಿತ್ತು. ಅವನ್ನು ತೆಗೆದೆ. ಕೆಳಗಿನಿಂದ "ಒಂದs ತಲಿ ಆತು!" ಎಂದು ಕೂಗಿದರು. ನಾನು ಗೆದ್ದೆನೆಂದು ಬಟ್ಟೆಯನ್ನೆಲ್ಲ ಹೊತ್ತುಕೊಂಡು ಇಳಿದೆ.

ಹುಡುಗಿಯ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಹೆಣ್ಣು ನೋಡಾಕ ಬಂದಾಂವ ನನ್ನ ಸೀರಿ ಯಾಕ ಹೊತ್ಕೊಂಡು ಹೊಂಟಾನ?"

ದುಂಡು ವೈರು

ಸೀರೆಯ ಗಲಾಟೆಯಲ್ಲಿ ಸಂಬಂಧದ ಮಾತು ಅಲ್ಲೇ ನಿಂತಿತು. ಮುಂದಿನ ಸಲ ಚಪ್ಪಟೆ ವೈರಿನ ಬದಲು ದುಂಡು ವೈರು ಒಯ್ದೆ. ಇದಕ್ಕೆ ಒಳಗೆ ತಂತಿಯ ಬಲೆ ಇರುತ್ತದೆ, ಹೊರಗಿನ ಗದ್ದಲ ಒಳಗೆ ಬರುವುದಿಲ್ಲ, ಚಿತ್ರ ಸ್ವಚ್ಛ ಎಂದು ವಿವರಿಸಿದೆ. ಅವಳಪ್ಪ, ಬಟ್ಟೆ ವ್ಯಾಪಾರಿಗಳಲ್ಲವೇ, ಎರಡೂ ವೈರುಗಳನ್ನು ಬಟ್ಟೆಯಂತೆ ಹೆಬ್ಬೆರಳಲ್ಲಿ ತಿಕ್ಕಿ ನೋಡಿದರು.

"ಅಗಲ ಬಟ್ಟಿ ತಗೊಂಡು ಲಾಡಿ ಕೊಡಾಕತ್ತೀರಲ್ರಿ!"

ಬೆವರುತ್ತಲೇ ಜೋಡಿಸಿದೆ. ಚಿತ್ರ ಎಷ್ಟು ಸ್ಪಷ್ಟವಾಯಿತೆಂದರೆ ಬಾತ್ಮಿ ಓದುವ ಹೆಣ್ಣುಮಗಳ ಸೀರೆಯ ಅಂಚಿನ ಬುಟ್ಟಾ ಕೂಡ ಎಣಿಸಬಹುದಿತ್ತು. ನಾನು ಉಬ್ಬಿಹೋದೆ. ಅಷ್ಟರಲ್ಲಿ ಅಜ್ಜಿ ಮಗನ ಕಡೆ ತಿರುಗಿದರು.

"ಇಂಥಾ ಅಂಚಿನ ಸೀರಿ ನಮ್ಮ ಅಂಗಡ್ಯಾಗ ಯಾಕ ಇಲ್ಲ?"

ವ್ಯಾಪಾರಿಗಳು ನನ್ನನ್ನು ದುರುಗುಟ್ಟಿ ನೋಡಿದರು. "ಆ ಚಪ್ಪಟಿ ವೈರs ಚಲೋ ಇತ್ತಲ್ರಿ."

ಸಂಬಂಧದ ಮಾತು ದೀಪಾವಳಿ ಅಮಾವಾಸ್ಯೆಗೆ ಮುಂದೆ ಹೋಯಿತು.

ಹಳದಿ ಪಿನ್ನು

ಅಮಾವಾಸ್ಯೆಗೆ ಆ ಮನೆಯಲ್ಲಿ ಹೊಸ ಬಣ್ಣದ ಟೀವಿ ಬಂದಿತ್ತು. ಮುಂಡಗೋಡದ ದೊಡ್ಡ ಅಳಿಯ ಗೋವಾದಿಂದ ಟೀವಿ ಗೇಮ್ ತಂದಿದ್ದ. ನಾನು ಕಾಲಿಟ್ಟಾಗ ಅಜ್ಜಿ ಪೂಜೆಗಿಟ್ಟ ಸಾಮಾನುಗಳಿಗೆ ನೀರಲ್ಲಿ ಕಲಸಿದ ವಿಭೂತಿ ಹಚ್ಚಿ ಮುಗಿಸುತ್ತಿದ್ದರು: ಗಜಕೋಲು, ಕತ್ತರಿ, ಹೊಲಿಗೆ ಯಂತ್ರ, ವೈರು ಕಿತ್ತು ಒರೆಸಿಟ್ಟ ಟೀವಿ. ನಾನೂ ಭಕ್ತಿಯಿಂದ ನನ್ನ ರಿಪೇರಿ ಪೆಟ್ಟಿಗೆ ಮುಂದಿಟ್ಟೆ.

"ಇಲ್ಲಪಾ. ಮನಿ ಸಾಮಾನಿಗಷ್ಟ ಹಚ್ಚೂದು. ಹೊರಗಿನ ಸಾಮಾನಿಗೆ ಹಚ್ಚಂಗಿಲ್ಲ."

ಪೆಟ್ಟಿಗೆಯ ಜೊತೆ ನಾನೂ ಹೊರಗಿನವನೇ ಆದೆ. ಬೇಜಾರಾಯಿತು.

ಪೂಜೆ, ಊಟ ಆದ ಮೇಲೆ ದೊಡ್ಡ ಅಳಿಯ ಶುರು ಮಾಡಿದ. "ಗೇಮಿನ ವೈರ್ ಆಂಟೆನಾ ತೂತಿಗೆ ಹಾಕಬೇಕು. ನಮ್ಮ ಮುಂಡಗೋಡದಾಗ ಹಂಗs ಹಾಕೀವಿ."

ಸುಮ್ಮನಿರಲಾಗಲಿಲ್ಲ. "ಅಲ್ಲಿ ಹಾಕಿದ್ರ ಚಿತ್ರ ಮಸಕ ಬರ್ತೈತ್ರಿ. ಗೇಮಿನ ಹಳದಿ ಪಿನ್ನು ಟೀವಿ ಹಿಂದಿನ ಹಳದಿ ತೂತಿಗೆ ಹಾಕಿದ್ರ ಕನ್ನಡಿಯಂಗ ಕಾಣ್ತೈತಿ."

ವ್ಯಾಪಾರಿಗಳು ಎಲ್ಲರೆದುರು ತೀರ್ಪು ಕೊಟ್ಟರು. "ಎರಡೂ ಹಾಕಿ ತೋರಸ್ರಿ. ಬರಲಿಲ್ಲಂದ್ರ ಚಹಾ ಕುಡದು ದಾಂಡೇಲಿ ಬಸ್ ಹಿಡೀರಿ."

ಆಂಟೆನಾ ತೂತಿಗೆ ಹಾಕಿದೆ. ಬರೀ ಸೊಂಯ್ ಎಂಬ ಸದ್ದು. ಹಳದಿ ತೂತಿಗೆ ಹಾಕಿದೆ. ಪರದೆ ಕಪ್ಪಗೇ ಇತ್ತು. ಪಿನ್ನು ಒಳಗೆ ಹೋಗುತ್ತಲೇ ಇರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತ ಹುಡುಗಿ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ದೊಡ್ಡ ಅಳಿಯ ಗಡಿಯಾರ ನೋಡಿ ಬಸ್ಸಿನ ವೇಳೆ ಹೇಳಿದ.

ಬ್ಯಾಟರಿಯ ಬೆಳಕು ಬಿಟ್ಟು ನೋಡಿದರೆ ತೂತುಗಳಲ್ಲೆಲ್ಲ ವಿಭೂತಿ ಗಟ್ಟಿಯಾಗಿ ಕೂತಿತ್ತು! ಗಾಜಿಗೆ ಹಚ್ಚಬೇಡ ಎಂದು ಮಗ ತಾಕೀತು ಮಾಡಿದ್ದರಿಂದ ಅಜ್ಜಿ ಹಿಂದೆ ಹಚ್ಚಿದ್ದರು, ಒಂದು ತೂತೂ ಬಿಡದೆ.

ಈಗೇನು ಹೇಳಲಿ? ಹಬ್ಬದ ದಿನ ಅಜ್ಜಿಯ ಪೂಜೆಯೇ ತಪ್ಪೆಂದರೆ ಬಸ್ಸೂ ಬೇಡ, ನಡೆಸಿಯೇ ಓಡಿಸುತ್ತಾರೆ. ಸುಮ್ಮನಿದ್ದರೆ ಹುಡುಗಿ ಕೈತಪ್ಪುತ್ತಾಳೆ. ಮೆಲ್ಲಗೆ, "ಯಾರದರ ಹತ್ರ ಹೇರ್‌ಪಿನ್ ಐತೇನ್ರಿ?" ಎಂದೆ.

ಹುಡುಗಿ ತಲೆಯಿಂದ ತನ್ನದನ್ನೇ ಕಿತ್ತು ಕೊಟ್ಟಳು.

ಟೀವಿಯ ಪ್ಲಗ್ ಕಿತ್ತು, ಹಿಂದೆ ಕೂತು ಕೆರೆದೆ, ಊದಿದೆ, ಮತ್ತೆ ಜೋಡಿಸಿದೆ. ಆಂಟೆನಾ ತೂತಿನಲ್ಲಿ ಆಟ ಬಂತು, ಮಂಜು ಕವಿದ ಅಣಶಿ ಘಟ್ಟದ ಹಾಗೆ. ಆಮೇಲೆ ಹಳದಿ ಪಿನ್ನು ಒತ್ತಿದೆ. ಬಣ್ಣದ ಮೋಟಾರುಗಳು ಪರದೆಯ ತುಂಬ ಓಡಾಡಿದವು. ದೊಡ್ಡ ಅಳಿಯ ಗಡಿಯಾರ ನೋಡುವುದು ಬಿಟ್ಟು ಆಟಕ್ಕೆ ಕೂತ.

ಅಜ್ಜಿ ಮಾತ್ರ ಬೀಗಿದರು. "ನಾ ವಿಭೂತಿ ಹಚ್ಚಿದ್ದಕ್ಕ ಬಂತು ನೋಡು! ಇವಂದೇನೈತಿ ಇದರಾಗ?"

ವ್ಯಾಪಾರಿಗಳು ಹೌದೆಂದು ತಲೆಯಾಡಿಸಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಗ ಹುಡುಗಿ ಮುಂದೆ ಬಂದು ನನ್ನ ಕೈಯಿಂದ ತನ್ನ ಪಿನ್ನು ತೆಗೆದುಕೊಂಡು ಎತ್ತಿ ಹಿಡಿದಳು.

"ಹಂಗಿದ್ರ ನನ್ನ ಹೇರ್‌ಪಿನ್ ಯಾಕ ಬೆಳ್ಳಗ ಆತು, ಅಜ್ಜಿ?"

ಅಜ್ಜಿ ಪಿನ್ನು ನೋಡಿದರು, ಟೀವಿಯ ಹಿಂಬದಿ ನೋಡಿದರು, ಕೆರೆದಾಗ ನನ್ನ ಅಂಗೈಗೆ ಮೆತ್ತಿದ ಬಿಳಿ ಪುಡಿ ನೋಡಿದರು. ನಾನು ಚಪ್ಪಲಿ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿಕೊಂಡೆ.

"ವಿಭೂತಿ ನೆಲಕ್ಕ ಚೆಲ್ಲಬಾರದು" ಎಂದವರೇ ಅಜ್ಜಿ ನನ್ನ ಅಂಗೈಯಿಂದ ಅದನ್ನು ಬಳಿದು ತೆಗೆದು, ನೀರಲ್ಲಿ ಬೆರಳದ್ದಿ, ನನ್ನ ಹಣೆಗೆ ಅಡ್ಡ ಎಳೆದರು.

ವ್ಯಾಪಾರಿಗಳು ಬೆರಗಾದರು. "ಅವ್ವಾ, ಮನಿ ಸಾಮಾನಿಗಷ್ಟ ಹಚ್ಚೂದು ಅಂತಿದ್ದಿ?"

"ಈಗೂ ಅದನ್ನs ಅಂತೇನಿ" ಎಂದರು ಅಜ್ಜಿ. "ಇವನನ್ನ ಒಳಗ ಇಟಗೋ."