ಪಾಲಿಬೆಟ್ಟದ ಸ್ಟೇಷನ್ ಮಾಸ್ಟರ್

ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವನಿಗೆ ಅವಮಾನಗಳು ತಪ್ಪಿದ್ದಲ್ಲ. ಒಂದನ್ನು ನುಂಗಿಕೊಳ್ಳುವಷ್ಟರಲ್ಲಿ ಇನ್ನೊಂದನ್ನು ಬಡಿಸಿರುತ್ತಾರೆ. ಕೊಡಗು ಬೇರೆ ರಾಜ್ಯವಾಗಿದ್ದಾಗ ನಾನು ಪಾಲಿಬೆಟ್ಟದ ಹತ್ತಿರ ಒಬ್ಬ ಇಂಗ್ಲಿಷ್ ದೊರೆಯ ಕೈಕೆಳಗಿದ್ದೆ. ಕೊಡಗಿಗೆ ರೈಲು ಇರಲಿಲ್ಲ, ಇವತ್ತಿಗೂ ಇಲ್ಲ. ದೊರೆ ಮಾತ್ರ ತನ್ನೂರಿಂದ ಪೆಟ್ಟಿಗೆಗಟ್ಟಲೆ ಸಾಮಾನು ತರಿಸಿ, ಬಂಗಲೆಯ ಹೂದೋಟದ ಸುತ್ತ ಹಳಿ ಹಾಕಿಸಿ, ಮೊಣಕಾಲೆತ್ತರದ ರೈಲು ಬಿಟ್ಟ. ನಿಜವಾದ ಕಲ್ಲಿದ್ದಲು, ನಿಜವಾದ ಹೊಗೆ.

೧. ಉದ್ಘಾಟನೆ

ಮೊದಲ ದಿನ ಹಣ್ಣು ಕುಯ್ಯುವುದನ್ನು ಬಿಡಿಸಿ ಆಳುಗಳನ್ನೆಲ್ಲ ನೋಡಲು ಕರೆಸಿದ. ಅವರಲ್ಲಿ ನಂಜನಗೂಡಿನ ಕಡೆಯ ಒಬ್ಬ ಮುದುಕಿ. ಮಗಳ ಬಾಣಂತನಕ್ಕೆ ರಜ ಕೇಳಿದ್ದಳು. ಕಾಫಿ ಹಣ್ಣು ಕುಯ್ದು ಮುಗಿಯುವವರೆಗೆ ಆಗದು ಅಂದಿದ್ದ ದೊರೆ. ರೈಲು ಒಂದು ಸುತ್ತು ಬಂದ ಮೇಲೆ ಅವಳು ನನ್ನ ಹತ್ತಿರ ಬಂದು, "ಇದು ನಂಜನಗೂಡಿಗೆ ಹೋಯ್ತದಾ ಕೇಳಿ ರೈಟ್ರೇ" ಅಂದಳು. ಯಾರೂ ನಗಲಿಲ್ಲ. ಏನಂತೆ ಅಂತ ದೊರೆ ಕೇಳಿದ. ಬಹಳ ಚೆನ್ನಾಗಿದೆಯಂತೆ ಅಂತ ನಾನು ಇಂಗ್ಲಿಷಿನಲ್ಲಿ ಹೇಳಿದೆ. ದೊರೆ ಖುಷಿಯಾಗಿ ಅವಳಿಗೆ ಒಂದು ಬಿಸ್ಕತ್ತು ಕೊಟ್ಟ.

೨. ಲೈನು ರಿಪೇರಿ

ಆಳುಗಳ ಸಾಲುಮನೆಗಳಿಗೆ ಎಸ್ಟೇಟಿನಲ್ಲಿ ಲೈನು ಅನ್ನುತ್ತಾರೆ. ಆ ಮಳೆಗಾಲ ಲೈನು ಎಷ್ಟು ಸೋರಿತೆಂದರೆ ಒಲೆ ಹೊತ್ತಿಸಲೂ ಒಣ ಜಾಗ ಇರಲಿಲ್ಲ. ಲೈನಿಗೆ ನೀರು ಬೀಳುತ್ತಿದೆ, ಕೂಡಲೇ ತಗಡು ಬೇಕು ಅಂತ ದೊರೆಗೆ ಚೀಟಿ ಬರೆದೆ. ನಾಲ್ಕೇ ದಿನಕ್ಕೆ ಲಾರಿ ತುಂಬ ತಗಡು ಬಂತು. ನನ್ನ ಇಂಗ್ಲಿಷಿನ ಮೇಲೆ ನನಗೇ ಹೆಮ್ಮೆಯಾಯಿತು. ಸಂಜೆ ಹೋಗಿ ನೋಡಿದರೆ, ಹೂದೋಟದ ಹಳಿಯ ಉದ್ದಕ್ಕೂ ತಗಡಿನ ಮಾಡು. ನಾನು ಹೇಳಿದ್ದು ಆಳುಗಳ ಲೈನು ಅಂತ ಮೆಲ್ಲಗೆ ತಿಳಿಸಿದೆ.

ದೊರೆ ಹಳಿಯನ್ನು ಕೈಯಿಂದ ಸವರಿ, "ಅವರಿಗೆ ತುಕ್ಕು ಹಿಡಿಯುವುದಿಲ್ಲವಲ್ಲ" ಅಂದ.

೩. ನನ್ನ ಪ್ರಮೋಷನ್

ಆಮೇಲೆ ನನ್ನ ತಲೆಗೊಂದು ಟೋಪಿ, ಕೈಗೊಂದು ಹಸಿರು ಬಾವುಟ ಬಂತು. ಭಾನುವಾರ ಬಂಗಲೆಗೆ ನೆಂಟರು ಬಂದರೆ ನಾನು ಸ್ಟೇಷನ್ ಮಾಸ್ಟರ್. ಬೇಜಾರಾಗಿ ಸೋಮವಾರಪೇಟೆಗೆ, ಅವ್ವನಿಗೆ ಕಾಗದ ಬರೆದೆ. ಅವ್ವನಿಗೆ ಓದು ಬಾರದು. ಓದಿ ಹೇಳಿದ ಪುಣ್ಯಾತ್ಮ ಬೇಜಾರು ಬಿಟ್ಟು ಕೆಲಸದ ಹೆಸರು ಮಾತ್ರ ಹೇಳಿದ. ಅವ್ವ ಸಂತೆಯಲ್ಲೆಲ್ಲ ಸಾರಿ, ನನಗೊಂದು ಹುಡುಗಿಯನ್ನೂ ಗೊತ್ತುಮಾಡಿದಳು. ನೆಂಟರ ಮದುವೆಯಲ್ಲಿ ನಾನು ಅವಳನ್ನು ನೋಡಿದ್ದೆ. ಮನಸ್ಸಿನಲ್ಲೂ ಇಟ್ಟುಕೊಂಡಿದ್ದೆ.

ಒಂದು ಭಾನುವಾರ ಹುಡುಗಿಯ ಅಪ್ಪ ಹೇಳದೆ ಕೇಳದೆ ಬಸ್ಸು ಹಿಡಿದು ಬಂದೇಬಿಟ್ಟರು. ನಾನು ಟೋಪಿ ಹಾಕಿ, ಬಾವುಟ ಹಿಡಿದು ಗುಲಾಬಿ ಗಿಡದ ಪಕ್ಕ ನಿಂತಿದ್ದೆ. ರೈಲು ಒಂದು ಸುತ್ತು ಹೋಗಿ ಬರುವವರೆಗೂ ಅವರು ನಿಂತು ನೋಡಿದರು.

"ಇದು ಎಲ್ಲಿಗೆ ಹೋಗ್ತದೆ?"

"ಎಲ್ಲಿಗೂ ಹೋಗಲ್ಲ ಯಜಮಾನ್ರೇ. ತಿರುಗಿ ಇಲ್ಲಿಗೇ ಬರ್ತದೆ."

"ನೀವೂ ಹಂಗೇ ಅನ್ನಿ" ಅಂದು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು.

ಗೇಟು ದಾಟುವವರೆಗೂ ಅವರ ಬೆನ್ನನ್ನೇ ನೋಡುತ್ತ ನಿಂತವನಿಗೆ ಬಾವುಟ ಎತ್ತುವುದು ಮರೆತೇಹೋಯಿತು. ಹಿಂದಿನಿಂದ ದೊರೆ ಕೈಗಡಿಯಾರ ನೋಡಿಕೊಂಡು, "ರೈಟರ್, ಗಾಡಿ ಎರಡು ನಿಮಿಷ ಲೇಟು" ಅಂದ.