ಏಳು ರುಮಾಲಿನ ರೆಕ್ಕೆ

ನಮ್ಮ ಕಾಕಾ ಚಿಂತೆ ಮಾಡದ ವಿಷಯ ಈ ಭೂಮಿಯ ಮೇಲೆ ಒಂದೇ ಒಂದಿದೆ, ಅದು ನಾನು! ಹತ್ತನೆಯ ಇಯತ್ತೆಯಲ್ಲಿ ನಪಾಸಾದಾಗಲೂ, ಮೋಟಾರ್‌ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಾಗಲೂ ಅವರು ಅಂದದ್ದು ಒಂದೇ ಮಾತು: "ಅಂವಗೇನಾಗತದ, ಬಿಡ್ರಿ." ಉಳಿದಂತೆ ಎಲ್ಲದರ ಚಿಂತೆಯೂ ಅವರಿಗೇ ಬೇಕು. ಪಕ್ಕದ ಮನೆಯ ಎಮ್ಮೆ ಒಂದು ಹೊತ್ತು ಮೇವು ಮುಟ್ಟದಿದ್ದರೆ ಇವರ ಊಟ ಬಂದ್. ಆಕಾಶದಲ್ಲಿ ವಿಮಾನ ಹೋದರೆ ಅದು ಇಳಿಯುವತನಕ ಇವರ ಕೈಯ ಚಹಾ ಆರುತ್ತದೆ. ಇಳಿದದ್ದು ಇವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಮಾತ್ರ ನನ್ನನ್ನು ಕೇಳಬೇಡಿ!

ಇಂಥವರಿರುವ ನಮ್ಮೂರಿನ ಗುಡ್ಡಕ್ಕೆ ಗಾಳಿಯಿಂದ ಕರೆಂಟು ಮಾಡುವ ಪವನಚಕ್ಕಿಗಳು ಬಂದವು. ಸಾಲದ್ದಕ್ಕೆ ಅದೇ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಊರವರನ್ನು ಒಪ್ಪಿಸುವುದು, ಕಾಗದಪತ್ರ ಮಾಡಿಸುವುದು. ಮೊದಲ ಸಭೆಯ ದಿನ ಗುಡಿಯ ಕಟ್ಟೆಯ ಮೇಲೆ ಇಂಜಿನಿಯರ್ ಸಾಹೇಬರು ನಿಂತರು. ವಿಜಯಪುರದ ಕಡೆಯವರು, ಮಾತು ನಮ್ಮದೇ. "ನಮ್ಮ ಕರೆಂಟಿಗೆ ಹೊಗಿ ಇಲ್ಲ, ಬೂದಿ ಇಲ್ಲ. ಗಾಳಿ ಕೆಡೂದಿಲ್ಲ" ಎಂದರು. ಕಾಕಾ ಎದ್ದು ಹೊರಗೆ ಹೋದರು. ಎಲ್ಲೋ ಗುರುಗುಡುತ್ತಿದ್ದ ಸದ್ದು ನಿಂತಿತು. ತಿರುಗಿ ಬಂದಾಗ ಅವರ ಕೈಯಲ್ಲಿ ಸಾಹೇಬರ ಜೀಪಿನ ಕೀಲಿ!

"ಸಾಹೇಬ್ರ, ಹೊಗಿ ಇಲ್ಲಂತೀರಿ. ನಿಮ್ಮ ಗಾಡಿ ಒಂದು ತಾಸಿನಿಂದ ಹೊಗಿ ಉಗುಳಾಕತ್ತದ. ಒಳಗ ನೋಡಿದ್ರ ಒಂದು ನರಪಿಳ್ಳಿ ಇಲ್ಲ. ಯಾರಿಗ್ರಿ ಏಸಿ?"

ನನ್ನ ನೌಕರಿ ಹೋಯಿತು ಎಂದೇ ನಾನು ಕಣ್ಣು ಮುಚ್ಚಿದೆ. ಸಾಹೇಬರು ಪುಣ್ಯವಂತರು, ನಕ್ಕರು. ನಿಂತ ಗಾಡಿ ಚಾಲೂ ಇಡಬಾರದೆಂದು ಮರುದಿನವೇ ಹುಕುಂ ಬಂತು. ಈಗ ದೂರದಲ್ಲಿ ಕಾಕಾನ ಧೋತರ ಕಂಡರೆ ಸಾಕು, ಕಂಪನಿಯ ಡ್ರೈವರುಗಳ ಕೈ ತಾನಾಗಿ ಕೀಲಿಯ ಕಡೆ ಹೋಗುತ್ತದೆ.

ಅಲ್ಲಿಗೆ ಮುಗಿಯಿತೇ? ಇಲ್ಲ. ಪವನಚಕ್ಕಿಯ ರೆಕ್ಕೆ ಎಂದರೆ ಒಂದು ಓಣಿಯಷ್ಟು ಉದ್ದ. ಅದನ್ನು ಹೊತ್ತ ಗಾಡಿ ವಳಸಂಗದ ರಸ್ತೆಯಿಂದ ಬಂದು ಕಾಕಾನ ಹೊಲದ ಮುಂದೆ ತಿರುಗಬೇಕು. ಆ ತಿರುವಿನಲ್ಲೇ ಊರಿನ ಹಳೆಯ ಬೇವಿನ ಮರ. ಕುರಿ ಕಾಯುವವರಿಗೆ, ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದು ಹೋಗುವವರಿಗೆ ಆ ದಾರಿಯಲ್ಲಿ ಇರುವ ನೆರಳು ಅದೊಂದೇ. ಅದನ್ನು ಕಡಿಯಲು ಅರ್ಜಿ ತಯಾರಾಯಿತು. ಇದೇ ಊರಿನವನೆಂದು ಊರಿನ ಪರವಾಗಿ ಕೆಳಗೆ ಸಹಿ ಹಾಕಬೇಕಾದವನು ನಾನು. ಸಹಿ ಹಾಕದಿದ್ದರೆ ಕೆಲಸಕ್ಕೆ ಕುತ್ತು, ಹಾಕಿದರೆ ಊರಿಗೆ ಮುಖ ತೋರಿಸುವುದು ಹೇಗೆ? ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಅಲೆದೆ.

ಕಾಕಾನಿಗೆ ಹೇಳಿದಾಗ ಅವರು ಕೂಗಾಡಲಿಲ್ಲ. "ಸಹಿ ಯಾರದು?" ಎಂದರು.

"ನಂದ ಸಹಿ, ಕಾಕಾ."

"ನಾಕು ದಿನ ತಡಿ."

ಮರುದಿನ ರೆಕ್ಕೆಯ ಉದ್ದ ಎಷ್ಟೆಂದು ಸಾಹೇಬರನ್ನು ಕೇಳಿಕೊಂಡರು. ಲೆಕ್ಕ ಹಾಕಿ, ತಲೆಗೆ ಸುತ್ತುವ ಏಳು ರುಮಾಲಿನಷ್ಟು ಎಂದರು! ಊರಿನ ಆರು ಹಿರಿಯರನ್ನು ಕರೆಸಿ, ತಮ್ಮದನ್ನೂ ಬಿಚ್ಚಿ, ಏಳೂ ರುಮಾಲುಗಳನ್ನು ತುದಿಗೆ ತುದಿ ಗಂಟು ಹಾಕಿದರು. ಬೋಳು ತಲೆಯ ಏಳು ಜನ ಸಾಲಾಗಿ ರುಮಾಲು ಹಿಡಿದು ಹೊರಟರೆ ಅವರ ಮೊಮ್ಮಕ್ಕಳಿಗೇ ಗುರುತು ಸಿಗಲಿಲ್ಲ. ಸಾಹೇಬರ ಎದುರೇ ಬೇವಿನ ತಿರುವಿನಲ್ಲಿ ಆ ರುಮಾಲಿನ ರೆಕ್ಕೆ ಎಷ್ಟು ಚೆಂದ ತಿರುಗಿತು ಅಂತೀರಿ!

"ನೋಡ್ರಿ ಸಾಹೇಬ್ರ, ಗಿಡದ ಒಂದು ಎಲೀನೂ ಅಳ್ಳಾಡಲಿಲ್ಲ!"

"ಕಾಕಾ, ಇದು ಅರಿವಿ. ನಮ್ಮ ರೆಕ್ಕಿ ಹಿಂಗ ಬಳಕೂದಿಲ್ರಿ."

ಏಳೂ ಬೋಳು ತಲೆಗಳು ಒಂದನ್ನೊಂದು ನೋಡಿಕೊಂಡವು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಅವರ ಮುಖ ನೋಡಿ ನನಗೂ ನಗು ನಿಂತುಹೋಯಿತು.

"ಬಿಗಿ ಹಿಡೀರಿ" ಎಂದರು ಆಮೇಲೆ. ಏಳೂ ಜನ ರುಮಾಲನ್ನು ಕೋಲಿನಂತೆ ಬಿಗಿ ಹಿಡಿದು, ಬೇವು ತಗುಲದಂತೆ ಮತ್ತೆ ತಿರುಗಿದರು. ಈ ಸಲ ಹಿಂದಿನ ಮೂವರು ನೇರ ಕಾಕಾನ ಜೋಳದೊಳಗೆ ಹೊಕ್ಕರು.

"ರೆಕ್ಕಿ ಬಾಲ ನನ್ನ ಹೊಲದಾಗ ಹಾದ್ರ ಗಿಡ ಉಳೀತದೇನ್ರಿ?"

"ಉಳೀತದ. ಆದ್ರ ಹೊಲದ ಒಡ್ಡು ತೆಗೀಬೇಕು, ಜ್ವಾಳ ಕೊಯ್ಯಬೇಕು. ಕಾಳು ಇನ್ನೂ ಹಾಲು ಅದಾವ, ಬಲತಿಲ್ಲ. ಹೆಂಗ ಕೇಳೂದಂತ ಬಿಟ್ವಿ."

"ಒಂದು ಮಾತು ಕೇಳಬಾರದೇನ್ರಿ?"

ಪಕ್ಕದ ಮನೆಯ ಎಮ್ಮೆಗಾಗಿ ಉಪವಾಸ ಬೀಳುವ ಮನುಷ್ಯ, ತೆನೆ ಹಿಡಿದ ಹಸಿ ಜೋಳವನ್ನು ತಾವೇ ನಿಂತು ಕೊಯ್ದರು. ಮೇವು ಅದೇ ಎಮ್ಮೆಗೆ ಹೋಯಿತು.

ರೆಕ್ಕೆ ಬಂದ ದಿನ ಊರೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು. ಅದರ ಬಾಲ, ಜೋಳ ಕೊಯ್ದ ಹೊಲದ ಮೇಲೆ ಹಾದು, ಬೇವಿಗೆ ಒಂದು ಗೇಣು ಬಿಟ್ಟು ಮುಂದೆ ಹೋಯಿತು. ಕಾಕಾ ಒಡ್ಡು ತೆಗೆದ ಜಾಗದ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು.

"ಕಣ್ಣು ತೆರೀರಿ ಕಾಕಾ, ಗಿಡ ಉಳೀತು."

"ಗಿಡದ್ದೇನೋ ತಮ್ಮಾ, ಹಚ್ಚಿದ್ರ ಮತ್ತೊಂದು ಬರತದ. ಗಿಡ ಕಡಿಸಿದಾಂವ ಅಂತ ಊರು ನಿನಗ ಹೆಸರಿಟ್ಟಿತ್ತಂದ್ರ ಅದು ಹೋಗೂದಿಲ್ಲ. ನೀ ಇಲ್ಲೇ ಬಾಳೇ ಮಾಡಾಂವ. ನಾ ನಿದ್ದಿ ಮಾಡಿ ಭಾಳ ದಿನ ಆತು. ಆ ಕಾಗದ ಹರದಿಯೇನು?"

ಇಷ್ಟು ವರ್ಷ ನಾನು ಇವರನ್ನು ಏನೆಂದು ತಿಳಿದಿದ್ದೆ! ಕಣ್ಣು ತುಂಬಿ ಬಂತು. ಕಿಸೆಯಿಂದ ಕಾಗದ ತೆಗೆದು ಅವರೆದುರೇ ಹರಿದೆ.

"ಚೂರು ಇಲ್ಲಿ ಒಗೀಬ್ಯಾಡ," ಎಂದರು ಕಾಕಾ, "ಎಮ್ಮಿ ತಿಂದೀತು."